ವಜ್ರ ಇದೆಯಾ?

ಕಳೆದ ಮಳೆಗಾಲದ ಒಂದು ಭಾನುವಾರ, ಜಯನಗರದ ಗೆಳೆಯನ ಮನೆಯಲ್ಲಿ, ನಮ್ಮ ತಂಡದ ಡ್ವಾರ್ಫ್ ಯೋಧ ಸತ್ತ. ಕೊನೆಯ ಸಲ ಉರುಳಿಸಿದಾಗ ಇಪ್ಪತ್ತು ಮುಖದ ದಾಳದಲ್ಲಿ ಬಿದ್ದದ್ದು ಆರು. ಮೂರು ಸೋಲು, ಅಲ್ಲಿಗೆ ಮುಗಿಯಿತು. ಅವನನ್ನು ಆಡುತ್ತಿದ್ದ ಹುಡುಗ ಮಾತಿಲ್ಲದೆ ಕ್ಯಾರೆಕ್ಟರ್ ಶೀಟನ್ನು ಬೋರಲು ಹಾಕಿ ಪೆನ್ಸಿಲಿನಲ್ಲಿ ಏನೋ ಗೀಚತೊಡಗಿದ. ಮಂತ್ರ ಬಲ್ಲ ಕ್ಲೆರಿಕ್ ಪಾತ್ರ ಆಡುತ್ತಿದ್ದವಳು ಸುತ್ತ ನೋಡಿ ಕೇಳಿದಳು: "ವಜ್ರ ಇದೆಯಾ? ಮುನ್ನೂರರದ್ದು?" ಇತ್ತು. ಯಾರದೋ ಹಾಳೆಯ ಮೂಲೆಯಲ್ಲಿ ಬರೆದಿದ್ದನ್ನು ರಬ್ಬರಿನಿಂದ ಉಜ್ಜಿ ಅಳಿಸಿದರು. ಡ್ವಾರ್ಫ್ ಎದ್ದ. ಚುರುಮುರಿಯ ಬಟ್ಟಲು ಮುಂದಿನವರ ಕೈಗೆ ಹೋಯಿತು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೇಗೆ ಆಡುತ್ತಾರೆಂದು ಇಲ್ಲಿ ವಿವರಿಸಲು ಹೋಗುವುದಿಲ್ಲ. 2014ರ ಐದನೆಯ ಆವೃತ್ತಿಯ ದರಪಟ್ಟಿಯನ್ನಷ್ಟೇ ನೆನಪಿಸುತ್ತೇನೆ. ಸತ್ತು ಒಂದು ನಿಮಿಷ ಮೀರಿರದಿದ್ದರೆ 300 ಚಿನ್ನದ ನಾಣ್ಯ ಬೆಲೆಯ ವಜ್ರ, ಹತ್ತು ದಿನದೊಳಗಾದರೆ 500ರದ್ದು, ನೂರು ವರ್ಷದವರೆಗೆ 1,000ದ್ದು, ಇನ್ನೂರು ವರ್ಷದವರೆಗೆ 25,000ದ್ದು. ದರ್ಶಿನಿಯ ಗೋಡೆಯ ಮೇಲೆ ಬರೆದು ತೂಗುಹಾಕಬಹುದು. ಇದರಲ್ಲಿ ಎರಡನೆಯದು ರೇಸ್ ಡೆಡ್, ಮೊದಲನೆಯದು ರಿವಿವಿಫೈ. ಐದನೆಯ ಲೆವೆಲ್ಲಿಗೇ ಕ್ಲೆರಿಕ್‌ಗೆ ದಕ್ಕುವ ಮಂತ್ರ.

ಈ ದರಪಟ್ಟಿಗೆ ಮದ್ದು ಎಂದು ಎಲ್ಲರೂ ಕೈತೋರಿಸುವುದು ಕ್ರಿಟಿಕಲ್ ರೋಲ್ ಕಾರ್ಯಕ್ರಮದ ಮ್ಯಾಥ್ಯೂ ಮರ್ಸರ್ ಕಟ್ಟಿದ ಪುನರುಜ್ಜೀವನ ವಿಧಿಯ ಕಡೆಗೆ. 2017ರಲ್ಲಿ ಟಾಲ್‌ಡೋರೈ ಪುಸ್ತಕದಲ್ಲಿ ಅಚ್ಚಾದ ಈ ನಿಯಮವನ್ನು ಹೊಗಳದ, ಆಟ ನಡೆಸುವ ಡಂಜನ್ ಮಾಸ್ಟರನ್ನು ನಾನು ಕಂಡಿಲ್ಲ. ಬದುಕಿರುವವರಲ್ಲಿ ಮೂವರವರೆಗೆ ಹೆಣದ ಬಳಿ ಬಂದು ಏನಾದರೂ ಅರ್ಪಿಸಬಹುದು: ಒಂದು ಮಾತು, ಒಂದು ವಸ್ತು, ಒಂದು ಪ್ರಾರ್ಥನೆ. ಕೊನೆಯಲ್ಲಿ ಡಂಜನ್ ಮಾಸ್ಟರ್ ಒಂದೇ ಒಂದು ದಾಳ ಉರುಳಿಸುತ್ತಾನೆ. ಕಣ್ಣೀರಿಗೆ ಜಾಗವಿದೆ, ಒಪ್ಪೋಣ. ಆದರೆ ಲೆಕ್ಕ ಹಾಕಿ ನೋಡಿ. ಮೊದಲ ಸಾವಿಗೆ ಗುರಿಸಂಖ್ಯೆ 10. ಅರ್ಪಣೆ ಫಲಿಸಿದರೆ ಪ್ರತಿಯೊಂದಕ್ಕೂ ಮೂರು ಇಳಿಯುತ್ತದೆ, ಫಲಿಸದಿದ್ದರೆ ಒಂದು ಏರುತ್ತದೆ. ಮೂರೂ ಫಲಿಸಿದರೆ ಗುರಿ 1. ಇಪ್ಪತ್ತು ಮುಖದ ದಾಳದಲ್ಲಿ ಒಂದಕ್ಕಿಂತ ಕಡಿಮೆ ಬೀಳುವುದುಂಟೆ? ಎಲ್ಲರೂ ಉಸಿರು ಬಿಗಿಹಿಡಿದು ನೋಡುವ ಆ ದಾಳ ಸೋಲಲಾರದ ದಾಳ. ಪ್ರತಿ ಸಲ ಮರಳಿದಾಗ ಗುರಿ ಒಂದು ಏರುವುದರಿಂದ ಎರಡನೆಯ ಸಾವಿನಲ್ಲಿ ನೂರಕ್ಕೆ ತೊಂಬತ್ತೈದು, ಮೂರನೆಯದರಲ್ಲಿ ತೊಂಬತ್ತು. ವಜ್ರವಂತೂ ಹೇಗೂ ಖರ್ಚಾಗುತ್ತದೆ. ಬಿಲ್ಲು ಅದೇ, ಹಿನ್ನೆಲೆ ಸಂಗೀತ ಹೊಸದು.

ವಿಧಿಯ ಪರ ವಾದಿಸುವವರು ಅದೇ ಕಾರ್ಯಕ್ರಮದಲ್ಲಿ ವೆಕ್ಸ್ ಎಂಬ ಪಾತ್ರ ಸತ್ತ ದೃಶ್ಯವನ್ನು ಮುಂದಿಡುತ್ತಾರೆ. ಅವಳ ಅವಳಿ ಅಣ್ಣ ವ್ಯಾಕ್ಸ್ ಸಾವಿನ ದೇವತೆಗೆ ತನ್ನನ್ನೇ ಒಡ್ಡಿಕೊಂಡ. ಆ ಸಾಲವನ್ನು ದೇವತೆ ವಸೂಲಿ ಮಾಡಿದ್ದು ಕತೆಯ ತುದಿಯಲ್ಲಿ. ಮರೆಯಲಾಗದ ದೃಶ್ಯ, ನಿಜ. ಆದರೆ ಅದನ್ನು ಕಟ್ಟಿದ್ದು ಒಬ್ಬ ಆಟಗಾರನ ಬಾಯಿಂದ ಬಂದ ಮಾತು ಮತ್ತು ಅದನ್ನು ಮರೆಯದ ಡಂಜನ್ ಮಾಸ್ಟರ್. ಮೂರು ಇಳಿಸು, ಒಂದು ಏರಿಸು ಎನ್ನುವ ನಿಯಮದಲ್ಲಿ ಆ ಸಾಲದ ಸುಳಿವೇ ಇಲ್ಲ.

ಇನ್ನೊಂದು ಪಂಗಡ ಹಳೇ ಶಾಲೆಯವರದು. ಇವರ ಜೊತೆ ನನ್ನ ಜಗಳ ಹಳೆಯದು. ಮೊದಲೆಲ್ಲ ಸತ್ತರೆ ಸತ್ತಂತೆ, ಈಗಿನ ಮಕ್ಕಳು ಮೆತ್ತಗಾಗಿದ್ದಾರೆ ಎನ್ನುವುದು ಇವರ ನಿತ್ಯಪಾಠ. ಸಾಕ್ಷಿಗೆ ಆಟದ ಜನಕರಲ್ಲೊಬ್ಬ ಗ್ಯಾರಿ ಗೈಗಾಕ್ಸ್‌ನ ಟೂಮ್ ಆಫ್ ಹಾರರ್ಸ್ ಸಾಹಸ: ಬಾಯ್ದೆರೆದ ಹಸಿರು ಪಿಶಾಚಿಯ ಮುಖ, ಒಳಗೆ ಕತ್ತಲು, ಇಣುಕಿದವನು ಇಲ್ಲವೇ ಇಲ್ಲ. ಸ್ವಾಮಿ, ಅದನ್ನು ಆಡಿಸಿದ್ದು 1975ರ ಆರಿಜಿನ್ಸ್ ಸಮಾವೇಶದ ಪಂದ್ಯದಲ್ಲಿ. ಪಂದ್ಯದ ನ್ಯಾಯ ವರ್ಷಗಟ್ಟಲೆ ಆಡುವ ಕತೆಗೆ ಒಗ್ಗುತ್ತದೆಯೆ? ಅದಿರಲಿ, ಸತ್ತವರನ್ನು ಎಬ್ಬಿಸುವ ಮಂತ್ರ 1974ರ ಮೊತ್ತಮೊದಲ ಕಿರುಪುಸ್ತಕದಲ್ಲೇ ಇದೆ. 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಹುಟ್ಟಿನಿಂದ ಬಂದ ದೇಹಶಕ್ತಿ, ಅಂದರೆ ಕಾನ್‌ಸ್ಟಿಟ್ಯೂಷನ್ ಎಷ್ಟೋ ಅಷ್ಟು ಸಲ ಮರಳಬಹುದು. ಹತ್ತಿದ್ದರೆ ಹತ್ತು ಸಲ! ಇದಾ ನಿಮ್ಮ ಸತ್ತರೆ ಸತ್ತಂತೆ?

ಹಳಬರು ಹೊಗಳಬೇಕಾದದ್ದನ್ನು ಬಿಟ್ಟು ಬೇರೇನನ್ನೋ ಹೊಗಳುತ್ತಿದ್ದಾರೆ. ಅದೇ ಹತ್ತು ಇದ್ದವನು ಪ್ರತಿ ಸಲವೂ ಬದುಕಿ ಬರುವ ಸಂಭವ ನೂರಕ್ಕೆ ಎಪ್ಪತ್ತೈದು ಮಾತ್ರ. ಎಲ್ಫ್ ಸತ್ತರೆ ರೇಸ್ ಡೆಡ್ ನಾಟುವುದೇ ಇಲ್ಲ. 1989ರ ಎರಡನೆಯ ಆವೃತ್ತಿಯಲ್ಲಿ ಪ್ರತಿ ಮರಳಿಕೆಗೂ ಕಾನ್‌ಸ್ಟಿಟ್ಯೂಷನ್ ಒಂದು ಇಳಿಯುತ್ತಿತ್ತು, 2000ದ ಮೂರನೆಯದರಲ್ಲಿ ಒಂದು ಲೆವೆಲ್ ಹೋಗುತ್ತಿತ್ತು. ಸಾವು ಹಾಳೆಯ ಮೇಲೆ ಗಾಯ ಬಿಡುತ್ತಿತ್ತು. 2014ರ ರೇಸ್ ಡೆಡ್‌ನಲ್ಲಿ ಉಳಿದಿರುವುದು ನಾಲ್ಕು ರಾತ್ರಿಯ ನಿದ್ದೆಗೆ ಕಳೆದುಹೋಗುವ ಸುಸ್ತು. ರಿವಿವಿಫೈಗೆ ಅದೂ ಇಲ್ಲ.

ರಿವಿವಿಫೈಗೆ ಇಲ್ಲದ್ದು ಇನ್ನೊಂದಿದೆ. ನನ್ನ ತಕರಾರೆಲ್ಲ ಅದರ ಮೇಲೆಯೇ. 2014ರ ರೇಸ್ ಡೆಡ್ ಮಂತ್ರದಲ್ಲಿ ಒಂದು ಷರತ್ತಿದೆ: ಆತ್ಮಕ್ಕೆ ಮರಳುವ ಮನಸ್ಸಿರಬೇಕು, ಮರಳಲು ಬಿಡುಗಡೆಯೂ ಇರಬೇಕು. ಐವತ್ತು ವರ್ಷದ ಈ ಆಟದಲ್ಲಿ ಸತ್ತವನಿಗೂ ಒಂದು ಮತವಿದೆ ಎಂದು ಒಪ್ಪಿಕೊಂಡ ಸಾಲು ಅದು. ರಿವಿವಿಫೈ ಓದಿ: ಮುಟ್ಟು, ವಜ್ರ ಸುಡು, ಪ್ರಾಣ ಬಂತು. ಮನಸ್ಸಿನ ಮಾತೇ ಇಲ್ಲ. ಆ ಮಾತು ಬೇರೆ ಪುಸ್ತಕದಲ್ಲಿ, ಅದೇ ಆವೃತ್ತಿಯ ಡಂಜನ್ ಮಾಸ್ಟರ್ಸ್ ಗೈಡ್‌ನ ಮೊದಲ ಅಧ್ಯಾಯದಲ್ಲಿ, ಅಡಗಿ ಕೂತಿದೆ. ಒಲ್ಲದ ಆತ್ಮವನ್ನು ಯಾರೂ ಮರಳಿಸಲಾಗದು ಎಂದು ಅಲ್ಲಿ ಬರೆದಿದೆ. ಕರೆಯುತ್ತಿರುವವರ ಹೆಸರು, ಅವರ ನಡೆ, ಅವರು ನಂಬಿದ ದೇವರು ಯಾರೆಂಬುದು ಸತ್ತವನಿಗೆ ತಿಳಿಯುತ್ತದೆ, ಅದನ್ನು ನೋಡಿಯೇ ಒಲ್ಲೆ ಎನ್ನಬಹುದು ಎಂದೂ ಇದೆ. ಎಂಥ ದೃಶ್ಯ! ಕತ್ತಲಲ್ಲಿ ಯಾರೋ ಹೆಸರು ಹಿಡಿದು ಕೂಗುತ್ತಾರೆ, ಕೂಗುತ್ತಿರುವುದು ಯಾರ ದೇವರ ಹೆಸರಲ್ಲಿ ಎಂದು ಗೊತ್ತಾಗುತ್ತದೆ, ಓಗೊಡಬೇಕೋ ಬೇಡವೋ ನೀವೇ ತೀರ್ಮಾನಿಸಬೇಕು. ಆಟಗಾರರು ತೆರೆಯದ ಪುಸ್ತಕದಲ್ಲಿ ಇದನ್ನು ಹೂತಿಟ್ಟು, ಎಲ್ಲರೂ ದಿನಾ ಬಳಸುವ ಮಂತ್ರದಲ್ಲಿ ಕೈಬಿಟ್ಟಿದ್ದಾರೆ. ಮರ್ಸರ್ ತನ್ನ ವಿಧಿಯಲ್ಲಿ ಆತ್ಮದ ಒಪ್ಪಿಗೆಯನ್ನು ಕೊನೆಗೊಮ್ಮೆ ನೆನೆಯುತ್ತಾನೆ. ಆದರೆ ಮಾತು ಬದುಕಿದ್ದವರದು, ದಾಳ ಡಂಜನ್ ಮಾಸ್ಟರದು. ಸತ್ತವನು ಕುರ್ಚಿಯಲ್ಲಿ ಕೂತು ಫೋನು ನೋಡಬೇಕು.

ಡಂಜನ್ ವರ್ಲ್ಡ್ ಎಂಬ 2012ರ ಸಣ್ಣ ಆಟ ಇದನ್ನು ನೇರವಾಗಿ ಹಿಡಿದಿದೆ. ಸಾಯುವವನೇ ಎರಡು ಆರುಮುಖದ ದಾಳ ಉರುಳಿಸುತ್ತಾನೆ, ಯಾವ ಬಲವನ್ನೂ ಕೂಡಿಸುವಂತಿಲ್ಲ. ಹತ್ತು ಅಥವಾ ಹೆಚ್ಚು ಬಿದ್ದರೆ ಪಾರು, ಆರು ಅಥವಾ ಕಡಿಮೆಯಾದರೆ ಕತೆ ಮುಗಿಯಿತು. ಏಳರಿಂದ ಒಂಬತ್ತು ಬಿದ್ದರೆ ಸಾವು ಎದುರು ನಿಂತು ಒಂದು ಕರಾರು ಮುಂದಿಡುತ್ತದೆ. ಒಪ್ಪುವುದು ಬಿಡುವುದು ಅವನಿಗೇ ಬಿಟ್ಟದ್ದು. ಪುಟ್ಟ ನಿಯಮ. ಕಚನ ಕತೆ ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ. ಮೂರನೆಯ ಸಲ ಕಚ ಎದ್ದುಬರಬೇಕಾದರೆ ಶುಕ್ರಾಚಾರ್ಯರ ಹೊಟ್ಟೆ ಸೀಳಬೇಕಿತ್ತು. ಹೊಟ್ಟೆಯೊಳಗಿದ್ದ ಶಿಷ್ಯನನ್ನು ಮಾತಾಡಿಸಿ, ಮಂತ್ರ ಕಲಿಸಿದ ಮೇಲೆಯೇ ಅವರು ಅವನನ್ನು ಹೊರಗೆ ಕರೆದದ್ದು.

ಐದನೆಯ ಆವೃತ್ತಿಯ ದೋಷ ಸಾವು ಅಗ್ಗವಾದದ್ದಲ್ಲ. 300ರ ವಜ್ರವನ್ನು 3,000ಕ್ಕೆ ಏರಿಸಿದರೂ ಆ ಭಾನುವಾರ ಬದಲಾಗುತ್ತಿರಲಿಲ್ಲ, ಒಂದು ಸೊನ್ನೆ ಹೆಚ್ಚು ಅಳಿಸುತ್ತಿದ್ದೆವು ಅಷ್ಟೆ. ನಮ್ಮ ಡ್ವಾರ್ಫ್ ಆಡುತ್ತಿದ್ದ ಹುಡುಗನನ್ನು ಮೂರು ವಾರದ ಮೇಲೆ ಬಸ್ ಸ್ಟಾಪಿನಲ್ಲಿ ಕೇಳಿದೆ, ಅವತ್ತು ನಿನಗೆ ವಾಪಸ್ ಬರೋ ಮನಸ್ಸಿತ್ತೇನೋ ಎಂದು. "ಯಾರೂ ಕೇಳ್ಲೇ ಇಲ್ವಲ್ಲ ಸಾರ್," ಎಂದ. ಬೋರಲು ಹಾಕಿದ ಹಾಳೆಯ ಹಿಂಬದಿಯಲ್ಲಿ ಅವನು ಆಗಲೇ ಹೊಸ ಪಾತ್ರದ ಹೆಸರು ಬರೆದಿಟ್ಟುಕೊಂಡಿದ್ದನಂತೆ.