ಯಶೋಧರ ಕಥೆಯಲ್ಲಿ ನಾಮಕರಣದ ಔಚಿತ್ಯ

ಕಥೆಯು ಪರಂಪರೆಯಿಂದ ಬಂದಿದ್ದರೆ ಪಾತ್ರಗಳ ಹೆಸರುಗಳೂ ಅದರೊಡನೆ ಬಂದಿರುತ್ತವೆ, ಆ ವಿಷಯದಲ್ಲಿ ಕವಿಗೆ ಆಯ್ಕೆಯೆಂಬುದಿಲ್ಲ ಎಂದು ಭಾವಿಸುವುದು ವಾಡಿಕೆಯಾಗಿದೆ. ಜೈನ ಚರಿತಕಾವ್ಯಗಳ ವಿಮರ್ಶೆಯಲ್ಲಿ ಈ ಭಾವನೆ ಇನ್ನೂ ಬಲವಾಗಿದೆ. ಯಶೋಧರನ ಕಥೆಯ ಹಲವು ರೂಪಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದವರಿಗೆ ಇದು ನಿಲ್ಲತಕ್ಕ ಮಾತಲ್ಲವೆಂದು ತಿಳಿಯುತ್ತದೆ.

ಎಂಟನೆಯ ಶತಮಾನದ ಹರಿಭದ್ರಸೂರಿಯ ‘ಸಮರಾಇಚ್ಚಕಹಾ’ದಲ್ಲಿ ಈ ಕಥೆಯ ರಾಜನ ಹೆಸರು ಸುರೇಂದ್ರದತ್ತ. ಯಶೋಧರಾ ಎಂಬುದು ಅಲ್ಲಿ ಅವನ ತಾಯಿಯ ಹೆಸರು, ರಾಣಿ ನಯನಾವಲಿ. ಶಕ 881ರಲ್ಲಿ, ಎಂದರೆ ಕ್ರಿ.ಶ. 959ರಲ್ಲಿ, ಸೋಮದೇವಸೂರಿ ‘ಯಶಸ್ತಿಲಕ’ವನ್ನು ಮುಗಿಸುವ ವೇಳೆಗೆ ಮಗನೇ ಯಶೋಧರನಾಗಿದ್ದಾನೆ, ತಾಯಿ ಚಂದ್ರಮತಿಯಾಗಿದ್ದಾಳೆ, ರಾಣಿ ಅಮೃತಮತಿಯಾಗಿದ್ದಾಳೆ. ಪುಷ್ಪದಂತನ ಅಪಭ್ರಂಶ ಕೃತಿಯೂ ವಾದಿರಾಜನ ಸಂಸ್ಕೃತ ಕಾವ್ಯವೂ ಈ ದಾರಿಯನ್ನೇ ಹಿಡಿದವು. 1209ರಲ್ಲಿ ಜನ್ನನಿಗೆ ದೊರೆತದ್ದು ಇದೇ ನಾಮಾವಳಿ. ಹೆಸರು ತಾಯಿಯಿಂದ ಮಗನಿಗೆ ಸಾಗಬಲ್ಲುದಾದರೆ ಪರಂಪರೆಯಲ್ಲಿ ಆಯ್ಕೆಗೆ ಎಡೆಯಿತ್ತೆಂದೇ ಅರ್ಥ. ಜನ್ನನು ಬದಲಿಸದೆ ಉಳಿಸಿಕೊಂಡ ಹೆಸರುಗಳನ್ನೂ ಆಯ್ಕೆಯೆಂದೇ ಎಣಿಸಬೇಕು.

ನಯನಾವಲಿ ಎಂದರೆ ಕಣ್ಣುಗಳ ಸಾಲು. ಜನ್ನನ ರಾಣಿ ಕೆಡುವುದು ಕಣ್ಣಿನಿಂದಲ್ಲ, ಕಿವಿಯಿಂದ. ಇರುಳಿನಲ್ಲಿ ತೇಲಿಬಂದ ಗಾನಕ್ಕೆ ಅವಳು ಮನಸ್ಸು ಸೋಲುತ್ತಾಳೆ; ಹಾಡಿದವನ ರೂಪ ಆಮೇಲೆ ತಿಳಿಯುವ ಸಂಗತಿ, ತಿಳಿದ ಮೇಲೂ ಅವಳು ಹಿಮ್ಮೆಟ್ಟುವುದಿಲ್ಲ. ಅಂಥವಳಿಗೆ ಕಣ್ಣನ್ನು ಕೊಂಡಾಡುವ ಹೆಸರು ಸಲ್ಲದು. ಅಮೃತಮತಿಯೆಂಬ ಹೆಸರಾದರೋ ಕಥೆಯ ಒಡಲಿನೊಳಗೇ ಕೆಲಸ ಮಾಡುತ್ತದೆ. ಅಮೃತದ ಹೆಸರಿನವಳು ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಇದನ್ನು ಬರಿಯ ವ್ಯಂಗ್ಯವೆಂದು ಬಿಡುವವರು ಅತ್ತೆಯ ಹೆಸರನ್ನು ಗಮನಿಸುವುದಿಲ್ಲ. ಕವಿಸಮಯದಂತೆ ಅಮೃತದ ನೆಲೆ ಚಂದ್ರ. ಚಂದ್ರಮತಿ ಅಮೃತಮತಿಯರು ಹೆಸರಿನಿಂದಲೇ ಒಂದು ಮನೆಗೆ ಸೇರಿದವರು. ಹಿಟ್ಟಿನ ಹುಂಜದ ಬಲಿಗೆ ಮಗನನ್ನು ಒಪ್ಪಿಸಿದವಳು ಒಬ್ಬಳು, ಆ ಬಲಿಯ ಬೆನ್ನಿಗೇ ಅವನನ್ನು ಕೊಂದವಳು ಇನ್ನೊಬ್ಬಳು. ಇಬ್ಬರಿಗೂ ‘ಮತಿ’ಯಿದೆ, ಆ ಮತಿ ಎತ್ತ ಹರಿಯಿತೆಂಬುದೇ ಕಥೆ.

ಮಾವುತನ ಹೆಸರಿನಲ್ಲಿ ಇನ್ನೊಂದು ಬಗೆಯ ಜಾಣ್ಮೆ ಕಾಣುತ್ತದೆ. ‘ಅಷ್ಟಾವಂಕ’ ಎಂಬುದು ಅಷ್ಟಾವಕ್ರನೆಂಬ ಋಷಿನಾಮದ ನೆನಪನ್ನು ತಂದರೂ ವಕ್ರದ ಎಡೆಯಲ್ಲಿ ವಂಕವೆಂಬ ಪ್ರಾಕೃತ ರೂಪವನ್ನಿಟ್ಟು ಆ ಗೌರವವನ್ನು ಕೆಳಕ್ಕಿಳಿಸುತ್ತದೆ. ಸಂಸ್ಕೃತಾಭಿಮಾನದಿಂದ ಇದನ್ನು ‘ವಕ್ರ’ವೆಂದು ತಿದ್ದ ಹೊರಡುವ ಸಂಪಾದಕನು ಲಾಯದ ಮಾವುತನನ್ನು ಆಶ್ರಮದಲ್ಲಿ ಕೂರಿಸಿದಂತಾದೀತು.

ಯಶೋಧರನ ತಂದೆಯ ಹೆಸರು ಪಾಠಪರಿಶೋಧಕರಿಗೆ ಪ್ರಿಯವಾಗಬೇಕಾದ ಉದಾಹರಣೆ. ಸೋಮದೇವನಲ್ಲಿ ಅದು ‘ಯಶೋರ್ಘ’, ಜನ್ನನಲ್ಲಿ ‘ಯಶೌಘ’. ಯಶಸ್ ಎಂಬುದಕ್ಕೆ ಅರ್ಘ ಸೇರಿದರೆ ಯಶೋರ್ಘವಾಗುವುದು ವ್ಯಾಕರಣಸಮ್ಮತ. ಯಶಸ್ ಎಂಬುದಕ್ಕೆ ಓಘ ಸೇರಿದಾಗ ಸಂಸ್ಕೃತದ ನಿಯಮದಂತೆ ಯಶೌಘವಾಗಲಾರದು; ‘ಯಶ’ ಎಂಬ ಅಕಾರಾಂತ ರೂಪವನ್ನು ಕನ್ನಡಿಗರು ಬಳಸುವುದರಿಂದಲೇ ಅದು ನಮ್ಮ ಕಿವಿಗೆ ಒಪ್ಪುತ್ತದೆ. ಓಲೆಯಲ್ಲಿ ರೇಫವೊಂದು ಮಾಸಿದರೆ ಮೌಲ್ಯವು ಪ್ರವಾಹವಾಗಿ ಓದಿಸಿಕೊಳ್ಳುವುದೂ ಅಸಂಭವವಲ್ಲ. ಆದರೆ ಕನ್ನಡ ಪಾಠವನ್ನು ಸೋಮದೇವನ ಬಲದಿಂದ ತಿದ್ದುವುದು ಸಾಧುವಲ್ಲ. ಕೀರ್ತಿಯ ಹೊನಲೆಂಬ ಅರ್ಥ ಆ ರಾಜನಿಗೆ ಚೆನ್ನಾಗಿಯೇ ಹೊಂದುತ್ತದೆ.

ಮಾರಿದತ್ತನ ಹೆಸರಿಗೆ ವಿವರಣೆ ಬೇಕಿಲ್ಲ. ಮಾರಿ ಕೊಟ್ಟವನು ಚಂಡಮಾರಿಯ ಮುಂದೆ ಕತ್ತಿ ಹಿರಿದು ನಿಂತಿದ್ದಾನೆ. ಅವನೆದುರಿಗೆ ಬಲಿಗಾಗಿ ಹಿಡಿತಂದ ಮಕ್ಕಳು ಅಭಯರುಚಿ, ಅಭಯಮತಿ. ಕೊಲ್ಲುವವನ ಹೆಸರಿನಲ್ಲಿ ಮಾರಿ, ಕೊಲೆಗೆ ನಿಂತವರ ಹೆಸರಿನಲ್ಲಿ ಅಭಯ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ಚತುರ್ವಿಧ ದಾನಗಳನ್ನು ಬಲ್ಲ ಶ್ರಾವಕನಿಗೆ ಕಥೆ ಎತ್ತ ಸಾಗುತ್ತದೆಂಬುದು ಅಲ್ಲಿಯೇ ಹೊಳೆಯುತ್ತದೆ. ದೈವಗಳಿಗೆ ಕೋಳಿ ಒಪ್ಪಿಸುವ ಪದ್ಧತಿಯ ನಡುವೆಯೇ ಬಾಳಿದ ಮಿಜಾರು, ಮೂಡುಬಿದಿರೆಯ ಸೀಮೆಯ ಜೈನ ಶ್ರೋತೃಗಳಿಗೆ ಈ ಹೆಸರುಗಳು ಬರಿಯ ಅಲಂಕಾರವಾಗಿ ಕೇಳಿಸಿರಲಾರವು. ಈ ಸೀಮೆಯಲ್ಲಿ ಗಂಡುಮಗುವಿಗೆ ಯಶೋಧರನೆಂದು ಹೆಸರಿಡುವುದುಂಟು. ಅಮೃತಮತಿಯೆಂದು ಹೆಣ್ಣುಮಗುವನ್ನು ಕರೆಯಲು ಹಿರಿಯರು ಮನಸ್ಸು ಮಾಡರು.

ಮೂಡುಬಿದಿರೆಯ ರತ್ನಾಕರವರ್ಣಿ ಹಿಡಿದ ಮಾರ್ಗ ಬೇರೆ. ‘ಭರತೇಶ ವೈಭವ’ದಲ್ಲಿ ಭರತ, ಬಾಹುಬಲಿ, ಅರ್ಕಕೀರ್ತಿಯರ ಹೆಸರುಗಳು ಪುರಾಣದಿಂದ ಬಂದವು, ಅವನ್ನು ಅವನು ಮುಟ್ಟಲಿಲ್ಲ. ಆದರೆ ಅಂತಃಪುರದೊಳಗೆ ಕಾಲಿಟ್ಟೊಡನೆ ಕುಸುಮಾಜಿ, ಮಕರಂದಾಜಿ ಎಂಬ ಸಲಿಗೆಯ ಹೆಸರುಗಳು ಕೇಳಿಬರುತ್ತವೆ. ಹೂವೂ ಅದರ ಮಧುವೂ ಅಕ್ಕತಂಗಿಯರಾಗಿದ್ದಾರೆ. ಕುಸುಮಾಜಿಯ ಗಿಳಿಗೆ ಅಮೃತವಾಚಕನೆಂದು ಹೆಸರು. ಇಲ್ಲಿ ಅಮೃತವು ಅಮೃತವೇ. ಚಕ್ರವರ್ತಿಯ ಮನೆ ಗೃಹಸ್ಥನೊಬ್ಬನ ಮನೆಯಂತೆ ಕಾಣುವುದಕ್ಕೆ ಈ ಹೆಸರುಗಳ ನೆರವು ಸಣ್ಣದಲ್ಲ.

ಗಿರೀಶ ಕಾರ್ನಾಡರು ಜನ್ನನ ಕಥೆಯನ್ನು ‘ಹಿಟ್ಟಿನ ಹುಂಜ’ವೆಂದು ನಾಟಕವಾಗಿಸಿ, ಮುಂದೆ ಇಂಗ್ಲಿಷಿನಲ್ಲಿ ‘ಬಲಿ’ ಎಂದು ಬರೆದರು. ‘ಬಲಿ’ಯಲ್ಲಿ ಇರುವವರು ರಾಜ, ರಾಣಿ, ರಾಜಮಾತೆ, ಮಾವುತ, ಹೆಸರುಗಳಿಲ್ಲ. ಒಂದು ರಾತ್ರಿಯ ನಾಟಕಕ್ಕೆ ಇದು ಸಾಲಬಹುದು, ರಂಗದ ಮೇಲೆ ಬಿಗಿಯನ್ನೂ ತಂದೀತು. ಆದರೆ ಭವಾವಳಿಯ ಕಥೆಗೆ ಹೆಸರು ಅತ್ಯವಶ್ಯ. ಯಶೋಧರ ಚಂದ್ರಮತಿಯರು ನವಿಲು ನಾಯಿಗಳಾಗಿ, ಮತ್ತೆ ಮತ್ತೆ ತಿರ್ಯಗ್ಗತಿಯಲ್ಲಿ ಸಿಕ್ಕಿ, ಕೊನೆಗೆ ಕೋಳಿಗಳಾಗಿ ಸಾಯುವಾಗ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ರಾಜನಾಗಿದ್ದವನು ತನ್ನ ಮಗನ ಮನೆಯಲ್ಲಿಯೇ ಹೆಸರಿಲ್ಲದ ಪ್ರಾಣಿ. ಹೆಸರು ಮರಳಿ ಬರುವುದು ಮನುಷ್ಯಭವದಲ್ಲಿ. ಆಗ ತಾಯಿಯ ಜೀವವು ಅಭಯಮತಿಯಾಗುತ್ತದೆ. ಹಳೆಯ ‘ಮತಿ’ ಹಾಗೆಯೇ ಉಳಿದಿದೆ, ಚಂದ್ರನಿದ್ದ ಎಡೆಯಲ್ಲಿ ಅಭಯ ಬಂದಿದೆ.