ಗಾಜಿನ ಪೆಟ್ಟಿಗೆಯ ಜಡೆ

ಶೋಕಕ್ಕೂ ವಿರಹಕ್ಕೂ ಭೇದವೇನೆಂಬುದನ್ನು ಭರತಮುನಿ ನಾಟ್ಯಶಾಸ್ತ್ರದಲ್ಲಿ ವಿಚಾರಿಸಿದ್ದಾನೆ. ಕರುಣವು ನಿರಪೇಕ್ಷ, ವಿಪ್ರಲಂಭವು ಸಾಪೇಕ್ಷ. ಮರಳಿ ಕೂಡುವೆವೆಂಬ ಆಸೆ ಉಳಿದಿದ್ದರೆ ಶೃಂಗಾರ, ಅಳಿದರೆ ಕರುಣ. ಲಕ್ಷಣವೇನೋ ಸ್ಪಷ್ಟವಾಗಿದೆ. ಆದರೆ ಆಸೆಗೆ ಎಡೆಯೇ ಇಲ್ಲದಲ್ಲಿಯೂ ಅದನ್ನು ಬಿಡಲೊಲ್ಲದವನ ಗತಿಯೇನು? ರಷ್ಯಾದೇಶದ ಯೆವ್ಗೇನಿ ಬಾವರನು 1915ರಲ್ಲಿ ನಿರ್ದೇಶಿಸಿದ 'ಹಗಲುಗನಸುಗಳು' ಎಂಬ ಮೂಕಚಿತ್ರದ ವಸ್ತು ಇದೇ.

ಕಥೆಯು ಬೆಲ್ಜಿಯಂ ದೇಶದ ಜಾರ್ಜ್ ರೊದೆನ್‌ಬಾಕನ 1892ರ 'ಬ್ರೂಜ್-ಲ-ಮೊರ್ತ್' ಎಂಬ ಕಾದಂಬರಿಯಿಂದ ಬಂದುದು. ನೆದೇಲಿನ್ ಎಂಬ ಗೃಹಸ್ಥನ ಪತ್ನಿ ಎಲೇನಾ ತೀರಿಕೊಳ್ಳುತ್ತಾಳೆ. ಅವಳ ಜಡೆಯನ್ನು ಕತ್ತರಿಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು, ಅದನ್ನೇ ನೋಡುತ್ತ ಕಾಲ ಕಳೆಯುತ್ತಾನೆ. ಒಂದು ದಿನ ಬೀದಿಯಲ್ಲಿ ಅವಳನ್ನು ಹೋಲುವ ಟೀನಾ ಎಂಬ ನಟಿಯನ್ನು ಕಂಡು ರಂಗಮಂದಿರದವರೆಗೂ ಹಿಂಬಾಲಿಸುತ್ತಾನೆ. ಅಲ್ಲಿ ಆಕೆ ವಹಿಸಿರುವುದಾದರೂ ಗೋರಿಯಿಂದೇಳುವ ಪಾತ್ರವನ್ನು! ಭ್ರಾಂತನಿಗೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ? ಕಡೆಗೆ ಅವಳು ಆ ಜಡೆಯನ್ನೆತ್ತಿಕೊಂಡು ಪರಿಹಾಸ ಮಾಡಲು, ಅದರಿಂದಲೇ ಅವಳ ಕೊರಳನ್ನು ಬಿಗಿದು ಕೊಲ್ಲುತ್ತಾನೆ. ಇಷ್ಟೂ ಮುಕ್ಕಾಲು ಗಂಟೆಯೊಳಗೆ ನಡೆದುಹೋಗುತ್ತದೆ.

ಮಗನ ಗಣಕಯಂತ್ರದಲ್ಲಿ ಇದನ್ನು ಮೊದಲ ಸಲ ನೋಡಿದಾಗ, ಎಂಥ ಹೃದಯಹೀನೆ ಇವಳು ಎಂದುಕೊಂಡೆ. ಎರಡನೆಯ ಸಲ ನೋಡಿದಾಗ ನನಗೇ ನಾಚಿಕೆಯಾಯಿತು. ಟೀನಾಳ ಅಪರಾಧವೇನು? ಸತ್ತವಳ ಹೋಲಿಕೆ ತನಗಿದ್ದುದು. ಸತ್ತವಳಾಗಲು ತಾನು ಒಪ್ಪದೆ ಹೋದುದು. ವಾಕ್ಚಿತ್ರವಾಗಿದ್ದರೆ ಆಕೆ ಬಾಯಿ ತೆರೆದೊಡನೆ ಇವಳು ಬೇರೊಬ್ಬಳೆಂದು ನನಗೆ ತಿಳಿಯುತ್ತಿತ್ತೋ ಏನೋ. ಮೂಕಚಿತ್ರದಲ್ಲಿ ದೊರೆಯುವುದು ರೂಪ, ನಡುನಡುವೆ ನಾಲ್ಕು ಸಾಲು ಬರಹ, ಅಷ್ಟೆ. ನೆದೇಲಿನನು ಕಿವಿಯಿದ್ದೂ ಕೇಳಲಿಲ್ಲ. ನಮಗೆ ಕೇಳುವ ಉಪಾಯವೇ ಇಲ್ಲ. ಅವನ ಭ್ರಾಂತಿಯಲ್ಲಿ ಪ್ರೇಕ್ಷಕನೂ ಹೀಗೆ ಪಾಲುಗಾರನಾಗುತ್ತಾನೆ. ಮೌನವನ್ನು ಕೊರತೆಯೆಂದು ಎಣಿಸುವವರು ಈ ಸ್ಥಳವನ್ನು ಗಮನಿಸಬೇಕು.

ವಿಕ್ರಮೋರ್ವಶೀಯದ ನಾಲ್ಕನೆಯ ಅಂಕದಲ್ಲಿ ಉನ್ಮತ್ತನಾದ ಪುರೂರವನು ಬಳ್ಳಿಯೊಂದನ್ನು ಅಪ್ಪಿಕೊಳ್ಳುತ್ತಾನೆ, ಅದು ಊರ್ವಶಿಯೇ ಆಗುತ್ತದೆ. ಅವಳು ರೂಪಾಂತರ ಹೊಂದಿದ್ದಳೇ ಹೊರತು ಸತ್ತಿರಲಿಲ್ಲ. ಮೇಲಾಗಿ ಕಾಳಿದಾಸನು ನಾಯಕನ ಕೈಯಲ್ಲಿ ಸಂಗಮಮಣಿಯನ್ನಿಟ್ಟಿದ್ದಾನೆ. ಇಲ್ಲಿ ಮಣಿಯಿಲ್ಲ, ಜಡೆಯಿದೆ. ಅಪ್ಪಿದುದು ಬಳ್ಳಿಯನ್ನೂ ಅಲ್ಲ. ತನ್ನದೇ ಕಸುಬು, ತನ್ನದೇ ನಗೆ ಉಳ್ಳ ಒಬ್ಬ ಹೆಂಗಸನ್ನು. ಆದುದರಿಂದ ಈ ಚಿತ್ರದಲ್ಲಿ ಕರುಣಕ್ಕೆ ನಿಜವಾದ ಆಲಂಬನವು ಎಲೇನಾ ಅಲ್ಲ, ಟೀನಾ ಎಂಬುದು ನನ್ನ ಮತ.

ಬಾವರನು ಮಾಸ್ಕೋದಲ್ಲಿ ಚಿತ್ರಕಲೆಯನ್ನು ಅಭ್ಯಾಸಮಾಡಿ, ರಂಗಸಜ್ಜಿಕೆಯಲ್ಲಿ ಪಳಗಿದವನು. ಅವನ ಕೋಣೆಗಳಿಗಿರುವ ಆಳವು ಆ ಕಾಲದ ಚಿತ್ರಗಳಲ್ಲಿ ಅಪೂರ್ವ. ಆದರೆ ಒಂದನ್ನು ಹೇಳದಿರಲಾರೆ. ಟೀನಾಳನ್ನು ಅವನು ಬೇಕೆಂದೇ ಒರಟಾಗಿ ಚಿತ್ರಿಸಿದ್ದಾನೆ. ಮೃತೆಯ ಛಾಯೆಯನ್ನು ಕಣ್ಣಿಗೆ ಕಾಣುವಂತೆ ಮತ್ತೆ ಮತ್ತೆ ತಂದು ನಿಲ್ಲಿಸಿದ್ದಾನೆ. ಪೆಟ್ಟಿಗೆಯಲ್ಲಿ ಜಡೆಯಿರುವಾಗ ಛಾಯೆಯ ಅಗತ್ಯವಿರಲಿಲ್ಲ.