ವರ್ಡ್ ಪವರ್ ಮೇಡ್ ಈಸಿ: ಓದಿಗೆ ಬಲ, ಬರಹಕ್ಕೆ ಸಾಲದು

ನಾರ್ಮನ್ ಲೂಯಿಸ್ ಅವರ ಇಂಗ್ಲಿಷ್ ಪದಕಲಿಕೆಯ ಪುಸ್ತಕ ‘ವರ್ಡ್ ಪವರ್ ಮೇಡ್ ಈಸಿ’ ಮೊದಲು ಅಚ್ಚಾದದ್ದು 1949ರಲ್ಲಿ, ಅಮೆರಿಕದಲ್ಲಿ. 1978ರಲ್ಲಿ ಪರಿಷ್ಕರಣೆಗೊಂಡು ಇನ್ನಷ್ಟು ದಪ್ಪವಾಯಿತು. ಅಲ್ಲಿನ ಓದುಗರಿಗಾಗಿ ಬರೆದ ಪುಸ್ತಕವನ್ನು ಇವತ್ತು ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಬಗಲಲ್ಲಿಟ್ಟುಕೊಂಡು ಓಡಾಡುತ್ತಾರೆ. ಕನ್ನಡ ಮಾಧ್ಯಮದಿಂದ ಬಂದ ಎಷ್ಟೋ ಮಕ್ಕಳು ಇಂಗ್ಲಿಷಿನ ಭಯ ಕಳೆಯಲು ಇದನ್ನೇ ನಂಬಿದ್ದಾರೆ. ಆ ನಂಬಿಕೆಗೆ ಪುಸ್ತಕ ಎಷ್ಟು ತಕ್ಕದ್ದು ಎಂದು ಕೇಳಲೇಬೇಕು.

ಇದರ ಹೆಚ್ಚುಗಾರಿಕೆ ಕಲಿಸುವ ಕ್ರಮದಲ್ಲಿದೆ. ಅಕಾರಾದಿ ಪಟ್ಟಿ ಕೊಟ್ಟು ಉರು ಹೊಡೆಸುವುದಿಲ್ಲ. ಮನುಷ್ಯರ ಸ್ವಭಾವ, ವೈದ್ಯರ ಬಗೆಗಳು, ಸುಳ್ಳುಗಾರರು, ಮಾತಿನ ರೀತಿ ಎಂದು ಒಂದೊಂದು ವಿಷಯ ಹಿಡಿದು, ಪದಗಳನ್ನು ಅವುಗಳ ಗ್ರೀಕ್, ಲ್ಯಾಟಿನ್ ಬೇರಿನಿಂದ ಬಿಡಿಸುತ್ತದೆ. ‘ಆಂಥ್ರೊಪೋಸ್’ ಎಂದರೆ ಮನುಷ್ಯ ಎಂದು ತಿಳಿದವರಿಗೆ ಮಿಸಾಂಥ್ರೋಪ್, ಫಿಲಾಂಥ್ರಪಿ, ಆಂಥ್ರೊಪಾಲಜಿ ಮೂರೂ ಒಟ್ಟಿಗೆ ಕೈಗೆ ಬರುತ್ತವೆ. ಪದವನ್ನು ಬಾಯಿಬಿಟ್ಟು ಹೇಳಿಸಿ, ಮತ್ತೆ ಮತ್ತೆ ಅಭ್ಯಾಸ ಕೊಟ್ಟು ಗಟ್ಟಿ ಮಾಡಿಸುವ ಲೂಯಿಸ್ ಅವರ ಶ್ರದ್ಧೆ ದೊಡ್ಡದು. ಮೇಷ್ಟ್ರಿಲ್ಲದೆ ಕಲಿಯುವವರಿಗೆ ಇಂಥ ಪುಸ್ತಕ ಅಪರೂಪ.

ಆದರೆ ಬೇರು ಗೊತ್ತಾದರೆ ಪದ ಗೊತ್ತಾದಂತೆ ಎಂಬ ಭ್ರಮೆಯೂ ಇದರಿಂದಲೇ ಹುಟ್ಟಬಹುದು. ಕನ್ನಡಿಗರು ಇದನ್ನು ತಮ್ಮ ಭಾಷೆಯಲ್ಲೇ ಪರೀಕ್ಷಿಸಬಹುದು. ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ: ಐದಕ್ಕೂ ಧಾತು ಒಂದೇ. ಧಾತು, ಉಪಸರ್ಗ ಎರಡೂ ಬಲ್ಲವನು ಕೂಡ ಊಟವನ್ನೂ ಕೊಲೆಯನ್ನೂ ಬರೀ ಲೆಕ್ಕಾಚಾರದಿಂದ ಊಹಿಸಲಾರ. ಇಂಗ್ಲಿಷಿನಲ್ಲೂ ಅಷ್ಟೇ. ಮಿಸಾಂಥ್ರೋಪ್‌ನ ‘ಮಿಸ್’ ದ್ವೇಷವನ್ನು ಹೇಳುವ ಗ್ರೀಕ್ ಮೂಲದ್ದು. ಮಿಸ್‌ಟೇಕ್‌ನ ‘ಮಿಸ್’ ತಪ್ಪನ್ನು ಹೇಳುವ ಜರ್ಮಾನಿಕ್ ಮೂಲದ್ದು. ಬೇರು ಸುಳಿವು ಕೊಡುತ್ತದೆ. ಅರ್ಥವನ್ನು ತೀರ್ಮಾನಿಸುವುದು ಬಳಕೆ.

ಬರೆಯಲು ಕುಳಿತಾಗ ಈ ಕೊರತೆ ಎದ್ದು ಕಾಣುತ್ತದೆ. ಮಾತಿನ ರೀತಿಯ ಅಧ್ಯಾಯದಲ್ಲಿ ವರ್ಬೋಸ್, ಗ್ಯಾರುಲಸ್, ವಾಲ್ಯುಬಲ್, ಲೊಕ್ವೇಷಸ್ ಎಂಬ, ಹೆಚ್ಚು ಮಾತನ್ನು ಸೂಚಿಸುವ ಪದಗಳು ಬರುತ್ತವೆ. ಒಂದಕ್ಕೊಂದು ಇರುವ ವ್ಯತ್ಯಾಸವನ್ನು ಲೂಯಿಸ್ ವಿವರಿಸುತ್ತಾರೆ, ನಿಜ. ಆದರೆ ಯಾವ ಪದ ಯಾವ ಪದದ ಜೊತೆ ಕೂಡುತ್ತದೆ, ಯಾವುದು ಆಡುಮಾತಿಗೆ ಭಾರ, ಯಾವುದು ವರದಿಗೆ ಹೊಂದದು ಎಂಬ ತಿಳಿವಳಿಕೆ ವ್ಯಾಖ್ಯೆಯಿಂದ ಬರುವುದಿಲ್ಲ. ‘ಕೋಜೆಂಟ್’ ಎಂಬುದು ವಾದಕ್ಕೆ, ಕಾರಣಕ್ಕೆ ಒಪ್ಪುತ್ತದೆ. ಮನವೊಲಿಸುವ ಶಕ್ತಿಯಿದೆ ಎಂದು ಜಾಹೀರಾತಿನ ಚಿತ್ರಕ್ಕೋ ಸೇಲ್ಸ್‌ಮನ್ನನ ನಗುವಿಗೋ ಅದನ್ನು ಹಚ್ಚಿದರೆ ವಾಕ್ಯ ಕೆಡುತ್ತದೆ. ಈ ವಿವೇಕ ಹತ್ತಾರು ಲೇಖನಗಳಲ್ಲಿ ಅದೇ ಪದವನ್ನು ಕಂಡವರಿಗೆ ಮಾತ್ರ ಬರುತ್ತದೆ.

ಪದಗಳ ಆಯ್ಕೆಯ ಬಗ್ಗೆಯೂ ತಕರಾರಿದೆ. 2000ದಲ್ಲಿ ನ್ಯೂಜಿಲೆಂಡಿನ ಭಾಷಾ ಸಂಶೋಧಕಿ ಆವರಿಲ್ ಕಾಕ್ಸ್‌ಹೆಡ್ ಸುಮಾರು 35 ಲಕ್ಷ ಪದಗಳಷ್ಟು ವಿದ್ವತ್ ಬರಹವನ್ನು ಜಾಲಾಡಿ 570 ಪದಕುಟುಂಬಗಳ ಪಟ್ಟಿ ಮಾಡಿದರು. ಅಸ್ಯೂಮ್, ಡಿರೈವ್, ಎಸ್ಟಾಬ್ಲಿಷ್‌ನಂಥ, ಸದ್ದಿಲ್ಲದ ಪದಗಳವು. ಆ ಬರಹದ ಸುಮಾರು ಶೇ 10ರಷ್ಟು ಭಾಗ ಇವುಗಳದ್ದೇ. ಕಾಲೇಜಿನ ಪ್ರಬಂಧವಿರಲಿ, ಕಚೇರಿಯ ಟಿಪ್ಪಣಿಯಿರಲಿ, ಬರೆಯುವವರಿಗೆ ದಿನಾ ಬೇಕಾದ ಪದಗಳೂ ಇಂಥವೇ. ಲೂಯಿಸ್ ಅವರ ಒಲವು ಅಪರೂಪದ, ಥಳಕಿನ ಪದಗಳ ಕಡೆಗೆ. ಪರೀಕ್ಷೆಗಳೂ ಮಗ್ಗಲು ಬದಲಿಸಿವೆ: ವಿದೇಶದ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇ 2011ರಲ್ಲಿ ವಿರುದ್ಧಪದದ ಪ್ರಶ್ನೆಗಳನ್ನು ಕೈಬಿಟ್ಟು, ವಾಕ್ಯದ ಸಂದರ್ಭದಲ್ಲೇ ಪದವನ್ನು ಪರೀಕ್ಷಿಸತೊಡಗಿತು.

ಹಾಗಾದರೆ ಪುಸ್ತಕ ಬೇಡವೇ? ಖಂಡಿತ ಬೇಕು, ಓದಿನ ಊರುಗೋಲಾಗಿ. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಎದುರಾದಾಗ ಹೆದರಿ ಪುಟ ಮಗುಚದಂತೆ ಮಾಡುವ ಶಕ್ತಿ ಇದಕ್ಕಿದೆ. ಆದರೆ ದಿನಕ್ಕೊಂದು ಪಾಠದ ಜೊತೆ ದಿನಕ್ಕೊಂದು ಒಳ್ಳೆಯ ಲೇಖನವನ್ನೂ ಓದಬೇಕು. ಹೊಸ ಪದ ಕಂಡರೆ ಅರ್ಥವನ್ನಷ್ಟೇ ಅಲ್ಲ, ಅದಿದ್ದ ಇಡೀ ವಾಕ್ಯವನ್ನೇ ಬರೆದಿಟ್ಟುಕೊಳ್ಳಬೇಕು. ಬೇರೆ ಬೇರೆ ಕಡೆ ನಾಲ್ಕಾರು ಸಲ ಕಾಣುವವರೆಗೆ ಆ ಪದವನ್ನು ತಮ್ಮ ಬರಹಕ್ಕೆ ತರಬಾರದು. ಇಷ್ಟು ಶಿಸ್ತು ಪಾಲಿಸುವವರಿಗೆ ಲೂಯಿಸ್ ಇಂದಿಗೂ ಒಳ್ಳೆಯ ಗುರು.